ಕರ್ನಲ್‌ಗೆ ಮೊದಲ ಪ್ಯಾಚ್: ಓದುಗರು ಕೇಳಿದ್ದು

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಲಿನಕ್ಸ್ ಕರ್ನಲ್ (ಲಿನಕ್ಸ್ ವ್ಯವಸ್ಥೆಯ ತಿರುಳಾದ ಪ್ರೋಗ್ರಾಂ) ಮತ್ತು ಅದಕ್ಕೆ ಪ್ಯಾಚ್, ಅಂದರೆ ಕೋಡ್‌ನ ತಿದ್ದುಪಡಿ, ಕಳಿಸುವ ಕುರಿತವು, ಅದೂ ಕಲಬುರಗಿ, ಬೀದರ್, ಯಾದಗಿರಿ ಕಡೆಯವು. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಅಚ್ಚು ಹಾಕಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಪ್ರಶ್ನೆ: ಗಿಟ್ ಕ್ಲೋನ್ ಹಚ್ಚಿದ್ರ ಅರ್ಧಕ್ಕ ನಿಂತು ಮತ್ತ ಮೊದಲಿಂದ ಶುರು ಆಗ್ತದ. ನಮ್ಮದು ದಿನಕ್ಕ 2 ಜಿಬಿ ಪ್ಯಾಕ್. ಏನ್ ಮಾಡಬೇಕ್ರಿ?
— ಡಿಪ್ಲೊಮಾ ವಿದ್ಯಾರ್ಥಿ, ಶಹಾಪುರ

ಉತ್ತರ: ಗಿಟ್ ಕ್ಲೋನ್, ಅಂದರೆ ಸೋರ್ಸ್ ಕೋಡನ್ನು ಅದರ ಬದಲಾವಣೆಗಳ ಇತಿಹಾಸದೊಂದಿಗೆ ಇಳಿಸಿಕೊಳ್ಳುವುದು, ನಿಂತಲ್ಲಿಂದ ಮುಂದುವರಿಯುವುದಿಲ್ಲ. ಸಂಪರ್ಕ ತಪ್ಪಿದರೆ ಅಷ್ಟು ಹೊತ್ತು ಇಳಿದದ್ದೆಲ್ಲ ವ್ಯರ್ಥ. ಕರ್ನಲ್‌ನ ಪೂರ್ತಿ ಇತಿಹಾಸ ಹಲವು ಜಿಬಿ, ಹಾಟ್‌ಸ್ಪಾಟ್‌ನಲ್ಲಿ ಆ ದಾರಿ ಹಿಡಿಯಬೇಡಿ. ಇಂಥವರಿಗೆಂದೇ ಕರ್ನಲ್ ಡಾಟ್ ಆರ್ಗ್‌ನವರು ‘ಕ್ಲೋನ್ ಬಂಡಲ್’ ಎಂಬ ಒಂದೇ ದೊಡ್ಡ ಫೈಲ್ ಇಟ್ಟಿದ್ದಾರೆ. ಅದನ್ನು ಡಬ್ಲ್ಯುಗೆಟ್‌ನಿಂದ, ಹೈಫನ್ ಸಿ ಆಯ್ಕೆ ಕೊಟ್ಟು ಇಳಿಸಿ. ಇವತ್ತಿನ ಡೇಟಾ ಮುಗಿದರೆ ನಾಳೆ ಅದೇ ಕಮಾಂಡ್ ಕೊಟ್ಟರೆ ಉಳಿದದ್ದು ಮಾತ್ರ ಇಳಿಯುತ್ತದೆ. ಪೂರ್ತಿಯಾದ ಮೇಲೆ ಆ ಫೈಲ್‌ನಿಂದಲೇ ಕ್ಲೋನ್ ಮಾಡಿ. ಅರೆಬರೆ ಇಳಿದಿದ್ದರೆ ಗಿಟ್ ಅಲ್ಲೇ ತಕರಾರು ತೆಗೆಯುತ್ತದೆ. ಬಳಿಕ ‘ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ ಒರಿಜಿನ್’ ಕೊಟ್ಟು ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರ ನಿಜವಾದ ಭಂಡಾರದ ವಿಳಾಸ ಹಾಕಿ, ಗಿಟ್ ಪುಲ್ ಮಾಡಿ. ಮುಂದೆ ಬರುವುದೆಲ್ಲ ಚಿಲ್ಲರೆ ಡೌನ್‌ಲೋಡ್.

ಹೈಫನ್ ಹೈಫನ್ ಡೆಪ್ತ್ 1 ಕೊಟ್ಟು ಇತಿಹಾಸವಿಲ್ಲದ ಕ್ಲೋನ್ ತರಬಹುದು ಎಂದು ಯಾರಾದರೂ ಹೇಳಿರುತ್ತಾರೆ. ಓದಲಿಕ್ಕೆ, ಬಿಲ್ಡ್ ಮಾಡಲಿಕ್ಕೆ (ಕೋಡನ್ನು ಓಡುವ ಪ್ರೋಗ್ರಾಂ ಆಗಿಸಲಿಕ್ಕೆ) ಅದು ಸಾಕು. ಆದರೆ ಒಂದು ಸಾಲನ್ನು ಯಾರು, ಯಾವಾಗ, ಯಾಕೆ ಬರೆದರು ಎಂದು ಗಿಟ್ ಬ್ಲೇಮ್ ಹೇಳಬೇಕಾದರೆ ಇತಿಹಾಸ ಬೇಕು, ಆ ‘ಯಾಕೆ’ ತಿಳಿಯದೆ ಕಳಿಸುವ ಪ್ಯಾಚ್ ನಿಲ್ಲುವುದು ಕಷ್ಟ. ಇನ್ನೊಂದು ಶಾಖೆ ಬೇಕೆಂದು ಎರಡನೇ ಕ್ಲೋನ್ ಮಾಡಬೇಡಿ. ‘ಗಿಟ್ ವರ್ಕ್‌ಟ್ರೀ ಆ್ಯಡ್’ ಅದೇ ಇತಿಹಾಸವನ್ನು ಹಂಚಿಕೊಳ್ಳುತ್ತದೆ.

ಪ್ರಶ್ನೆ: ನನ್ನದು ಹಳೆಯ ಐ3, 8 ಜಿಬಿ ರ‍್ಯಾಮ್, ಉಬುಂಟು. ಬಿಲ್ಡ್ ರಾತ್ರಿಯಿಡೀ ಓಡಿ ಬೆಳಿಗ್ಗೆ ಎರರ್ ತೋರಿಸುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕೇ?
— ಬಿ.ಇ. 5ನೇ ಸೆಮ್, ಕಲಬುರಗಿ

ಉತ್ತರ: ಬೇಡ. ನೀವು ಉಬುಂಟುವಿನ ಕಾನ್ಫಿಗ್ ಫೈಲನ್ನೇ (ಕರ್ನಲ್‌ನಲ್ಲಿ ಏನೇನು ಸೇರಬೇಕೆಂಬ ಪಟ್ಟಿ) ನಕಲು ಮಾಡಿ ಬಿಲ್ಡ್ ಮಾಡುತ್ತಿರಬೇಕು. ಜಗತ್ತಿನ ಎಲ್ಲ ಯಂತ್ರಗಳಲ್ಲೂ ಓಡಬೇಕೆಂದು ಅವರು ಸಾವಿರಾರು ಡ್ರೈವರ್‌ಗಳನ್ನು ಮಾಡ್ಯೂಲ್ (ಬೇಕಾದಾಗ ಲೋಡ್ ಆಗುವ ತುಣುಕು) ಆಗಿ ಸೇರಿಸಿರುತ್ತಾರೆ. ನಿಮಗೆ ಬೇಕಾದವು ಅದರಲ್ಲಿ ಬೆರಳೆಣಿಕೆಯಷ್ಟು.

ಮೊದಲು ಸಾಮಾನು: ಬಿಲ್ಡ್-ಎಸೆನ್ಶಿಯಲ್, ಫ್ಲೆಕ್ಸ್, ಬೈಸನ್, ಬಿಸಿ, ಲಿಬ್‌ಎಸ್‌ಎಸ್‌ಎಲ್-ಡೆವ್, ಲಿಬ್‌ಎಲ್ಫ್-ಡೆವ್, ಲಿಬ್‌ಎನ್‌ಕರ್ಸಸ್-ಡೆವ್, ಡ್ವಾರ್ವ್ಸ್. ಇವನ್ನು ಆ್ಯಪ್ಟ್‌ನಿಂದ ಹಾಕಿಕೊಂಡು ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಕೊಡಿ. ಈ ಕ್ಷಣ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಅದು ಉಳಿಸುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಆಗ ಪೆನ್‌ಡ್ರೈವ್ ಚುಚ್ಚಿರದಿದ್ದರೆ ಹೊಸ ಕರ್ನಲ್‌ನಲ್ಲಿ ಪೆನ್‌ಡ್ರೈವ್ ಕಾಣದು. ಫೋನ್ ಟೆದರಿಂಗ್ ಆನ್ ಇರದಿದ್ದರೆ ನೆಟ್ ಬಾರದು. ಆದ್ದರಿಂದ ದಿನನಿತ್ಯ ಬಳಸುವುದನ್ನೆಲ್ಲ ಒಮ್ಮೆ ಜೋಡಿಸಿ, ಬ್ಲೂಟೂತ್ ಆನ್ ಮಾಡಿ, ಆಮೇಲೆ ಕಮಾಂಡ್ ಕೊಡಿ. ಅದು ಕೇಳುವ ಪ್ರಶ್ನೆಗಳಿಗೆಲ್ಲ ಎಂಟರ್ ಒತ್ತಿದರೆ ಸಾಕು.

ಬೆಳಗಿನ ಎರರ್ ‘ಡೆಬಿಯನ್ ಸ್ಲ್ಯಾಷ್ ಕ್ಯಾನಾನಿಕಲ್-ಸರ್ಟ್ಸ್ ಡಾಟ್ ಪೆಮ್ ಮಾಡುವ ನಿಯಮ ಇಲ್ಲ’ ಎಂಬರ್ಥದ್ದಾಗಿದ್ದರೆ, ಅದು ಉಬುಂಟುವಿನವರ ಸಹಿ ಪ್ರಮಾಣಪತ್ರ ಹುಡುಕುತ್ತಿದೆ. ನಿಮ್ಮ ಹತ್ತಿರ ಅದಿಲ್ಲ. ‘ಸ್ಕ್ರಿಪ್ಟ್ಸ್’ ಫೋಲ್ಡರ್‌ನ ಕಾನ್ಫಿಗ್ ಸ್ಕ್ರಿಪ್ಟ್‌ನಿಂದ ಸಿಸ್ಟಮ್ ಟ್ರಸ್ಟೆಡ್ ಕೀಸ್, ಸಿಸ್ಟಮ್ ರಿವೊಕೇಶನ್ ಕೀಸ್ ಎರಡನ್ನೂ ಡಿಸೇಬಲ್ ಮಾಡಿ. ಹಾಗೆಯೇ ಡೀಬಗ್ ಇನ್ಫೊ ‘ನನ್’ ಎಂದು ಇಡಿ. ಅದನ್ನು ಆನ್ ಇರುವಂತೆಯೇ ಬಿಟ್ಟರೆ ಬಿಲ್ಡ್ ಫೋಲ್ಡರ್ 20 ಜಿಬಿ ದಾಟುವುದುಂಟು, ಕೊನೆಯ ಲಿಂಕ್ ಹಂತದಲ್ಲಿ ರ‍್ಯಾಮ್ ಸಾಲದೆ ಬರೀ ‘ಕಿಲ್ಡ್’ ಎಂದು ನಿಲ್ಲುವುದೂ ಉಂಟು.

‘ಮೇಕ್ ಹೈಫನ್ ಜೆ 4’ ಎಂದರೆ ಒಟ್ಟಿಗೆ ನಾಲ್ಕು ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನ 42-43 ಡಿಗ್ರಿ ಇರುವಾಗ ಜೆ 2 ಸಾಕು, ಅಥವಾ ನಸುಕಿನಲ್ಲಿ ಹಚ್ಚಿ. ಕಾದ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುವುದರಿಂದ ಜೆ 4 ಕೊಟ್ಟೂ ಲಾಭ ಕಡಿಮೆ. ‘ಇಂಟರ್ನಲ್ ಕಂಪೈಲರ್ ಎರರ್’ ಬಂದರೆ ಯಾವ ಫೈಲ್‌ನಲ್ಲಿ ಎಂದು ಬರೆದಿಟ್ಟು ಮತ್ತೊಮ್ಮೆ ಮೇಕ್ ಕೊಡಿ. ಪ್ರತಿ ಸಲ ಬೇರೆ ಬೇರೆ ಫೈಲ್‌ನಲ್ಲಿ ಬಂದರೆ ತಪ್ಪು ಸೋರ್ಸ್‌ನದಲ್ಲ, ಬಿಸಿಯದೋ ಕೆಟ್ಟ ರ‍್ಯಾಮ್‌ನದೋ. ಅದೇ ಫೈಲ್, ಅದೇ ಸಾಲು ಎಂದಾದರೆ ಕೋಡ್ ಅಥವಾ ಕಂಪೈಲರ್ ಕಡೆ ನೋಡಿ.

ನಡುವೆ ಕರೆಂಟ್ ಹೋಗಿ ಯಂತ್ರ ಆರಿದರೆ ಹೆದರಬೇಡಿ, ಮೇಕ್ ಉಳಿದದ್ದನ್ನು ಮಾತ್ರ ಮಾಡುತ್ತದೆ. ಆದರೆ ಆ ಕ್ಷಣ ಬರೆಯುತ್ತಿದ್ದ ಫೈಲ್ ಸೊನ್ನೆ ಬೈಟ್ ಆಗಿ ಉಳಿದಿರಬಹುದು. ಗಿಟ್ ‘ಆಬ್ಜೆಕ್ಟ್ ಫೈಲ್ ಈಸ್ ಎಂಪ್ಟಿ’ ಎಂದರೆ ಡಾಟ್ ಗಿಟ್ ಒಳಗಿನ ಆಬ್ಜೆಕ್ಟ್ಸ್ ಫೋಲ್ಡರ್‌ನಲ್ಲಿರುವ ಖಾಲಿ ಫೈಲ್‌ಗಳನ್ನು ಅಳಿಸಿ ಗಿಟ್ ಫೆಚ್ ಮಾಡಿ. ಕಮಿಟ್ ಮಾಡಿದ (ಗಿಟ್‌ನಲ್ಲಿ ದಾಖಲಿಸಿದ) ಸ್ವಂತ ಕೆಲಸವನ್ನು ಪ್ಯಾಚ್ ಫೈಲ್ ಆಗಿ ಬೇರೆಡೆ ಇಟ್ಟಿದ್ದರೆ ಆತಂಕವಿಲ್ಲ.

ಹೊಸ ಕರ್ನಲ್ ಪರೀಕ್ಷಿಸಲು ಯಂತ್ರವನ್ನೇ ರೀಬೂಟ್ ಮಾಡಬೇಕೆಂದಿಲ್ಲ. ವರ್ಟ್‌ಮಿ-ಎನ್‌ಜಿ ಎಂಬ ಸಾಧನ, ನೀವು ಬಿಲ್ಡ್ ಮಾಡಿದ್ದನ್ನು ಕ್ಯೂಇಎಂಯು ಎಂಬ ವರ್ಚುವಲ್ ಯಂತ್ರದ ಒಳಗೆ ನಿಮ್ಮದೇ ಫೈಲ್ ಸಿಸ್ಟಮ್ ಬಳಸಿ ಕೆಲವೇ ಸೆಕೆಂಡಿನಲ್ಲಿ ಎಬ್ಬಿಸುತ್ತದೆ. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಇರಬೇಕು, ಇಲ್ಲವಾದರೆ ತೆವಳುತ್ತದೆ. ನಿಜವಾದ ಯಂತ್ರದಲ್ಲಿ ಹಾಕುವಾಗ ಹಳೆಯ ಕರ್ನಲ್ ತೆಗೆಯಬೇಡಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿಯಿಲ್ಲದ ಕರ್ನಲ್ ಏಳುವುದಿಲ್ಲ. ಮತ್ತು ಸೂಡೊ ಕೊಟ್ಟು ಬಿಲ್ಡ್ ಮಾಡುವ ಅಭ್ಯಾಸ ಬಿಡಿ; ಸೂಡೊ ಬೇಕಾಗುವುದು ಇನ್‌ಸ್ಟಾಲ್ ಮಾಡುವಾಗ ಮಾತ್ರ.

ಪ್ರಶ್ನೆ: ಸಿ ಎಷ್ಟು ಬರಬೇಕು? ಈಗ ರಸ್ಟ್ ಬಂದಿದೆಯಂತೆ, ನೇರ ಅದನ್ನೇ ಕಲಿಯಲೇ?
— ಭಾಲ್ಕಿ

ಉತ್ತರ: ಸಿ ಮೊದಲು. ರಸ್ಟ್ ಎಂಬ ಹೊಸ ಭಾಷೆಗೆ ಬೆಂಬಲ ಕರ್ನಲ್‌ನ 6.1ನೇ ಆವೃತ್ತಿಯಲ್ಲಿ, 2022ರ ಡಿಸೆಂಬರ್‌ನಲ್ಲಿ ಬಂತು. ಆದರೂ ಕರ್ನಲ್‌ನ ಬಹುಪಾಲು ಕೋಡ್ ಸಿ, ರಸ್ಟ್ ಡ್ರೈವರ್ ಕೂಡ ಆ ಸಿ ಕೋಡ್‌ನ ಮೇಲೆಯೇ ನಿಲ್ಲಬೇಕು. ಪಾಯಿಂಟರ್, ಸ್ಟ್ರಕ್ಟ್, ಫಂಕ್ಷನ್ ಪಾಯಿಂಟರ್, ಬಿಟ್ ಲೆಕ್ಕ ಕೈಗೆ ಹತ್ತಿರಬೇಕು. ‘ಕಂಟೇನರ್ ಆಫ್’ ಮ್ಯಾಕ್ರೊ ಹೇಗೆ ಕೆಲಸ ಮಾಡುತ್ತದೆಂದು ಕಾಗದದ ಮೇಲೆ ಬಿಡಿಸಿ ತೋರಿಸುವಷ್ಟಾದರೆ ಶುರು ಮಾಡಬಹುದು. ಕಾಲೇಜಿನಲ್ಲಿ ಬೈದು ಬಿಡಿಸಿದ ಗೋಟೂ ಇಲ್ಲಿ ಮರ್ಯಾದಸ್ಥ: ಮೂರು ಸಂಪನ್ಮೂಲ ಪಡೆದು ನಾಲ್ಕನೆಯದು ಸಿಗದಾಗ, ಹಿಮ್ಮುಖ ಕ್ರಮದಲ್ಲಿ ಒಂದೊಂದನ್ನೇ ಬಿಡುತ್ತ ಹೊರಬರುವುದು ಗೋಟೂದಿಂದಲೇ. ಪ್ರಿಂಟ್‌ಎಫ್ ಇಲ್ಲ, ದಶಮಾಂಶದ ಲೆಕ್ಕವನ್ನು ಸಾಮಾನ್ಯವಾಗಿ ಮಾಡುವಂತಿಲ್ಲ, 64 ಬಿಟ್ ಇಂಟೆಲ್-ಎಎಂಡಿ ಯಂತ್ರಗಳಲ್ಲಿ ಸ್ಟ್ಯಾಕ್ ಬರೀ 16 ಕೆಬಿ. ಆದ್ದರಿಂದ ಫಂಕ್ಷನ್ ಒಳಗೆ ದೊಡ್ಡ ಅರೇ ಘೋಷಿಸಬೇಡಿ.

ಪ್ರಶ್ನೆ: ಬಿಲ್ಡ್ ಆಯಿತು, ಬೂಟೂ ಆಯಿತು. ಇನ್ನು ಏನನ್ನು ತಿದ್ದಲಿ? ಲಕ್ಷಗಟ್ಟಲೆ ಸಾಲು ನೋಡಿ ತಲೆ ತಿರುಗುತ್ತದೆ.
— ಎಂ.ಸಿ.ಎ. ವಿದ್ಯಾರ್ಥಿನಿ, ಬೀದರ್

ಉತ್ತರ: ಎಲ್ಲವನ್ನೂ ಓದಿದವರು ಯಾರೂ ಇಲ್ಲ. ಒಂದು ಫೋಲ್ಡರ್ ಆರಿಸಿ, ಸಾಧ್ಯವಾದರೆ ನಿಮ್ಮ ಕೈಯಲ್ಲಿರುವ ಸಾಧನದ್ದೇ ಡ್ರೈವರ್. ‘ಎಲ್‌ಎಸ್‌ಪಿಸಿಐ ಹೈಫನ್ ಕೆ’ ಕೊಟ್ಟರೆ ನಿಮ್ಮ ವೈಫೈ, ಸೌಂಡ್ ಕಾರ್ಡ್‌ಗಳನ್ನು ಯಾವ ಡ್ರೈವರ್ ನಡೆಸುತ್ತಿದೆಯೆಂದು ಗೊತ್ತಾಗುತ್ತದೆ. ಬದಲಾಯಿಸಿದ್ದು ಕೆಲಸ ಮಾಡಿತೇ ಇಲ್ಲವೇ ಎಂದು ನೀವೇ ನೋಡಬಲ್ಲಿರಿ ಎನ್ನುವುದು ದೊಡ್ಡ ಅನುಕೂಲ. ಪ್ಯಾಚ್ ಎಂದರೆ ಎರಡು ಸಾಲು ತಿದ್ದುವುದು ಸಣ್ಣ ಭಾಗ. ಆ ಎರಡು ಸಾಲು ಸರಿ ಎಂದು ಅಪರಿಚಿತರಿಗೆ ಮನವರಿಕೆ ಮಾಡಿಕೊಡುವುದೇ ಕೆಲಸ.

ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ, ಕೋಡ್ ಬರೆಯುವ ಶೈಲಿ ಪರೀಕ್ಷಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟನ್ನು ಸಿಕ್ಕ ಹಳೆಯ ಫೈಲ್‌ಗಳ ಮೇಲೆಲ್ಲ ಓಡಿಸಿ, ಅದು ತೋರಿಸಿದ ಸ್ಪೇಸ್, ಟ್ಯಾಬ್‌ಗಳನ್ನು ತಿದ್ದಿ ಕಳಿಸುವುದು. ಡ್ರೈವರ್ಸ್ ಅಡಿಯ ಸ್ಟೇಜಿಂಗ್ ಫೋಲ್ಡರ್‌ನಲ್ಲಿ ಇದಕ್ಕೆ ಸ್ವಾಗತ. ಬೇರೆ ಕಡೆ ‘ಇದರಿಂದ ಏನು ಪ್ರಯೋಜನ’ ಎಂದು ಕೇಳುತ್ತಾರೆ, ಕೇಳುವುದು ನ್ಯಾಯವೇ. ಆ ಸ್ಕ್ರಿಪ್ಟ್ ಇರುವುದು ನಿಮ್ಮ ಹೊಸ ಪ್ಯಾಚ್ ಪರೀಕ್ಷಿಸಲು.

ಮೊದಲ ಪ್ಯಾಚ್‌ಗೆ ಒಳ್ಳೆಯ ಜಾಗ: ಆರಿಸಿದ ಫೋಲ್ಡರನ್ನು ‘ಮೇಕ್ ಡಬ್ಲ್ಯು=1’ ಕೊಟ್ಟು ಬಿಲ್ಡ್ ಮಾಡಿ. ಫಂಕ್ಷನ್‌ನ ಪ್ಯಾರಾಮೀಟರ್ ಬದಲಾಗಿ ಮೇಲಿನ ವಿವರಣೆ ಹಳೆಯದೇ ಉಳಿದಿದ್ದರೆ ‘ನಾಟ್ ಡಿಸ್ಕ್ರೈಬ್ಡ್’ ಎಂಬ ವಾರ್ನಿಂಗ್ ಬರುತ್ತದೆ. ಅದನ್ನು ತಿದ್ದಬೇಕಾದರೆ ಆ ಪ್ಯಾರಾಮೀಟರ್ ಏನು ಮಾಡುತ್ತದೆಂದು ಓದಿ ಅರ್ಥ ಮಾಡಿಕೊಳ್ಳಲೇಬೇಕು.

ಸ್ವಲ್ಪ ಮುಂದೆ ಹೋಗುವ ಧೈರ್ಯವಿದ್ದರೆ ಒಂದು ನಿಜವಾದ ಬಗೆಯ ದೋಷ ನೋಡಿ. ಡಿವೈಸ್ ಟ್ರೀ (ಯಂತ್ರದಲ್ಲಿರುವ ಹಾರ್ಡ್‌ವೇರ್‌ನ ವಿವರಪಟ್ಟಿ) ಓದುವ ಡ್ರೈವರ್‌ಗಳಲ್ಲಿ ‘ಫಾರ್ ಈಚ್ ಚೈಲ್ಡ್ ಆಫ್ ನೋಡ್’ ಎಂಬ ಲೂಪ್ ಇರುತ್ತದೆ. ಪ್ರತಿ ಸುತ್ತಿನಲ್ಲೂ ಅದು ಮುಂದಿನ ಚೈಲ್ಡ್ ನೋಡ್‌ನ ರೆಫರೆನ್ಸ್ ಎಣಿಕೆ (ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಲೆಕ್ಕ) ಒಂದು ಹೆಚ್ಚಿಸಿ, ಹಿಂದಿನದನ್ನು ಒಂದು ಇಳಿಸುತ್ತದೆ. ಲೂಪ್ ಕೊನೆತನಕ ಓಡಿದರೆ ಲೆಕ್ಕ ಚುಕ್ತಾ. ನಡುವೆಯೇ ಎರರ್ ಬಂದು ರಿಟರ್ನ್ ಆದರೆ, ಕೈಯಲ್ಲಿದ್ದ ಆ ಒಂದು ನೋಡ್‌ನ ಎಣಿಕೆ ಇಳಿಯುವುದೇ ಇಲ್ಲ. ಆ ರಿಟರ್ನ್‌ಗೆ ಮೊದಲು ‘ಆಫ್ ನೋಡ್ ಪುಟ್’ ಕರೆಯಬೇಕು, ಅಥವಾ ಈಚಿನ ಕರ್ನಲ್‌ಗಳಲ್ಲಿರುವ ‘ಸ್ಕೋಪ್ಡ್’ ಎಂದು ಕೊನೆಯಾಗುವ ಲೂಪ್ ಬಳಸಬೇಕು. ಅದು ತಾನೇ ಬಿಡುತ್ತದೆ. ಆದರೆ ಕುರುಡಾಗಿ ಸೇರಿಸಬೇಡಿ. ಆ ನೋಡನ್ನು ಎಲ್ಲಾದರೂ ಜೋಪಾನ ಮಾಡಿಟ್ಟುಕೊಂಡು ಅಥವಾ ಕರೆದವರಿಗೆ ಕೊಟ್ಟು ಹೊರಬರುವ ಕೋಡ್‌ನಲ್ಲಿ ಎಣಿಕೆ ಇಳಿಸಿದರೆ, ಬಿಟ್ಟುಬಿಟ್ಟ ಮೆಮೊರಿಯನ್ನು ಆಮೇಲೆ ಯಾರೋ ಮುಟ್ಟುತ್ತಾರೆ. ಆಗ ಸಣ್ಣ ಸೋರಿಕೆ ಸರಿಮಾಡಲು ಹೋಗಿ ಯಂತ್ರ ಬೀಳಿಸುವ ದೋಷ ಸೇರಿಸಿದಂತೆ.

ತಿದ್ದಿದ ಫೈಲ್ ನಿಜಕ್ಕೂ ಕಂಪೈಲ್ ಆಯಿತೇ ನೋಡಿ. ಅದರ ಕಾನ್ಫಿಗ್ ಆಯ್ಕೆ ಆಫ್ ಇದ್ದರೆ ಮೇಕ್ ಅದನ್ನು ಮುಟ್ಟದೆಯೇ ಯಶಸ್ವಿಯಾಗಿ ಮುಗಿಯುತ್ತದೆ. ಡಾಟ್ ಓ ಫೈಲ್ ಹುಟ್ಟಿದೆಯೇ, ಅದರ ಸಮಯ ಈಗಿನದೇ ಎಂದು ನೋಡುವುದು ಸುಲಭದ ಪರೀಕ್ಷೆ. ಸಾಧನ ಕೈಯಲ್ಲಿಲ್ಲದಿದ್ದರೆ ‘ಕಂಪೈಲ್ ಮಾತ್ರ ಮಾಡಿ ನೋಡಿದ್ದೇನೆ’ ಎಂದು ಮುಚ್ಚುಮರೆಯಿಲ್ಲದೆ ಬರೆಯಿರಿ. ಮುಂದಿನ ಆವೃತ್ತಿಗೆ ಸೇರಲಿರುವ ಪ್ಯಾಚ್‌ಗಳ ಭಂಡಾರ ಲಿನಕ್ಸ್-ನೆಕ್ಸ್ಟ್‌ನಲ್ಲಿ ಅದೇ ದೋಷವನ್ನು ಬೇರೆಯವರು ಆಗಲೇ ಸರಿಮಾಡಿದ್ದಾರೆಯೇ ಎಂದೂ ನೋಡಿಕೊಳ್ಳಿ, ಬಹಳ ಸಲ ಮಾಡಿರುತ್ತಾರೆ.

ಪ್ರಶ್ನೆ: ಆಧಾರ್‌ನಲ್ಲಿ ನನ್ನ ಹೆಸರಿನ ಜೊತೆ ತಂದೆಯ ಹೆಸರು, ಊರ ಹೆಸರು ಎಲ್ಲ ಇದೆ. ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಇನಿಶಿಯಲ್. ‘ಸೈನ್ಡ್-ಆಫ್-ಬೈ’ ಸಾಲಿನಲ್ಲಿ ಯಾವುದು ಹಾಕಬೇಕು?
— ಸೇಡಂ

ಉತ್ತರ: ಯಾವುದಾದರೂ ಸರಿ, ಆದರೆ ಒಂದೇ ಇರಲಿ. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು ನೀವು ಒಪ್ಪುವ ಸಾಲು ಅದು. 2004ರಿಂದ ಈ ಪದ್ಧತಿ ಇದೆ. ಗುರುತಿಸಬಲ್ಲ ಹೆಸರು ಬೇಕು, ಅನಾಮಿಕರಿಗೆ ಅವಕಾಶವಿಲ್ಲ, ಸರ್ಕಾರಿ ದಾಖಲೆ ಯಾರೂ ಕೇಳುವುದಿಲ್ಲ. ಮೇಲ್‌ನ ‘ಫ್ರಮ್’ ಹೆಸರು-ವಿಳಾಸ ಮತ್ತು ಈ ಸಾಲು ತಾಳೆಯಾಗಬೇಕು, ಇಲ್ಲದಿದ್ದರೆ ಚೆಕ್‌ಪ್ಯಾಚ್ ಎಚ್ಚರಿಸುತ್ತದೆ. ‘ಗಿಟ್ ಕಮಿಟ್ ಹೈಫನ್ ಎಸ್’ ಕೊಟ್ಟರೆ ಸಾಲು ತಾನಾಗಿ ಬರುತ್ತದೆ. ನೌಕರಿಯಲ್ಲಿದ್ದರೆ ಮೊದಲು ಕಂಪನಿಯ ಒಪ್ಪಿಗೆ ಕೇಳಿ.

ಪ್ರಶ್ನೆ: ಜಿಮೇಲ್‌ನಲ್ಲಿ ಪ್ಯಾಚ್ ಪೇಸ್ಟ್ ಮಾಡಿ ಕಳಿಸಿದೆ. ‘ಪ್ಯಾಚ್ ಕೆಟ್ಟಿದೆ, ಅಪ್ಲೈ ಆಗುತ್ತಿಲ್ಲ’ ಎಂದು ಉತ್ತರ ಬಂತು. ಕೋಡ್ ಸರಿಯಾಗಿಯೇ ಇದೆಯಲ್ಲ?
— ಬಿ.ಇ. 7ನೇ ಸೆಮ್, ಕಲಬುರಗಿ

ಉತ್ತರ: ಕೋಡ್ ಸರಿ ಇರಬಹುದು, ದಾರಿಯಲ್ಲಿ ಕೆಟ್ಟಿದೆ. ಜಿಮೇಲ್‌ನ ವೆಬ್ ಪುಟ ಟ್ಯಾಬ್‌ಗಳನ್ನು ಸ್ಪೇಸ್ ಮಾಡುತ್ತದೆ, ಉದ್ದ ಸಾಲುಗಳನ್ನು ಮುರಿಯುತ್ತದೆ. ಅದಕ್ಕೇ ‘ಗಿಟ್ ಸೆಂಡ್-ಇಮೇಲ್’ ಬಳಸುತ್ತಾರೆ. ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಿರಿ. ನಿಮ್ಮ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಸರ್ವರ್ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 587, ಎನ್‌ಕ್ರಿಪ್ಶನ್ ಟಿಎಲ್‌ಎಸ್. ಹಾಸ್ಟೆಲ್ ಅಥವಾ ಕಾಲೇಜಿನ ವೈಫೈಯಲ್ಲಿ ಸುಮ್ಮನೆ ನಿಂತುಬಿಟ್ಟರೆ ಆ ಪೋರ್ಟ್ ಮುಚ್ಚಿರಬಹುದು, ಫೋನ್ ಹಾಟ್‌ಸ್ಪಾಟ್‌ನಲ್ಲಿ ಕಳಿಸಿ. ಪ್ಯಾಚ್ ಕೆಲವೇ ಕೆಬಿ. ಅದೂ ಆಗದಿದ್ದರೆ ಬಿ4 ಎಂಬ ಸಾಧನ ಕರ್ನಲ್ ಡಾಟ್ ಆರ್ಗ್‌ನ ವೆಬ್ ದಾರಿಯಿಂದಲೇ ಕಳಿಸಿಕೊಡುತ್ತದೆ. ಕಾಲೇಜಿನ ಮೇಲ್ ವಿಳಾಸ ಕೊನೆಗೆ ‘ಇದು ಗೌಪ್ಯ’ ಎಂಬ ಅಡಿಟಿಪ್ಪಣಿ ಅಂಟಿಸುವುದಾದರೆ ಅದನ್ನು ಬಳಸಬೇಡಿ.

ಕ್ರಮ ಹೀಗಿರಲಿ. ‘ಗಿಟ್ ಫಾರ್ಮ್ಯಾಟ್-ಪ್ಯಾಚ್ ಹೈಫನ್ 1’ ಕೊಟ್ಟು ಫೈಲ್ ಮಾಡಿ, ಅದರ ಮೇಲೆ ಚೆಕ್‌ಪ್ಯಾಚ್ ಓಡಿಸಿ, ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಯಾರ ಹೆಸರು ಹೇಳುತ್ತದೋ ಅವರನ್ನು ಟಿಪ್ಪಣಿ ಮಾಡಿಕೊಳ್ಳಿ. ಮೊದಲು ನಿಮಗೇ ಕಳಿಸಿಕೊಳ್ಳಿ. ಬಂದ ಮೇಲನ್ನು ಸೇವ್ ಮಾಡಿ, ಹೊಸ ಬ್ರಾಂಚ್‌ನಲ್ಲಿ ‘ಗಿಟ್ ಎಎಂ’ನಿಂದ ಹಚ್ಚಿ ನೋಡಿ, ಹತ್ತಿದರೆ ಬೇರೆಯವರಿಗೂ ಹತ್ತುತ್ತದೆ. ಟೊರ್ವಾಲ್ಡ್ಸ್ ಅವರಿಗೆ ನೇರ ಕಳಿಸುವುದು ಬೇಡ, ಆಯಾ ಭಾಗದ ಮೇಂಟೇನರ್‌ಗೆ (ಆ ಕೋಡ್ ನೋಡಿಕೊಳ್ಳುವವರಿಗೆ) ಮತ್ತು ಆ ಮೇಲಿಂಗ್ ಲಿಸ್ಟ್‌ಗೆ ಸಾಕು.

ವಿಷಯದ ಸಾಲಿನ ಆರಂಭ ಹೇಗಿರಬೇಕೆಂದು ಆ ಫೈಲ್‌ನ ಹಿಂದಿನ ಹತ್ತು ಕಮಿಟ್ ನೋಡಿದರೆ ತಿಳಿಯುತ್ತದೆ. ಸಂದೇಶದ ಸಾಲು 75 ಅಕ್ಷರದೊಳಗೆ ಮುರಿಯಿರಿ. ಇಂಗ್ಲಿಷ್ ಕಚ್ಚಾ ಇದ್ದರೂ ನಡೆಯುತ್ತದೆ. ಈಗ ಏನಾಗುತ್ತಿದೆ, ಅದು ಯಾಕೆ ತಪ್ಪು, ನೀವು ಏನು ಬದಲಿಸಿದಿರಿ, ಈ ಮೂರು ಇರಬೇಕು. ದೋಷ ತಂದ ಹಳೆಯ ಕಮಿಟ್ ಸಿಕ್ಕರೆ ‘ಫಿಕ್ಸಸ್’ ಸಾಲಿನಲ್ಲಿ ಅದರ ಐಡಿಯ ಮೊದಲ 12 ಅಕ್ಷರ ಮತ್ತು ಶೀರ್ಷಿಕೆ ಕೊಡಿ.

ಪ್ರಶ್ನೆ: ಕಳಿಸಿ ಹತ್ತು ದಿನ ಆಯ್ತು. ಹೌದೂ ಇಲ್ಲ, ಅಲ್ಲೂ ಇಲ್ಲ. ನನ್ನ ಪ್ಯಾಚ್ ನೋಡ್ಯಾರೋ ಇಲ್ಲೋ?
— ಸುರಪುರ

ಉತ್ತರ: ಮೊದಲು ಅದು ಲಿಸ್ಟ್ ತಲುಪಿತೇ ಎಂದು ಲೋರ್ ಡಾಟ್ ಕರ್ನಲ್ ಡಾಟ್ ಆರ್ಗ್‌ನ ದಾಖಲೆಯಲ್ಲಿ ಹುಡುಕಿ. ಎಚ್‌ಟಿಎಂಎಲ್ ಮೇಲ್ ಅಲ್ಲಿ ನಿಲ್ಲುವುದಿಲ್ಲ. ಫೋನಿನ ಜಿಮೇಲ್ ಆ್ಯಪ್‌ನಿಂದ ಕೊಟ್ಟ ಉತ್ತರಗಳು ಕಾಣದಿರುವುದು ಇದರಿಂದಲೇ. ತಲುಪಿದ್ದರೆ ಕ್ಯಾಲೆಂಡರ್ ನೋಡಿ. ಒಂದು ಆವೃತ್ತಿ ಹೊರಬಂದ ಮೇಲೆ ಎರಡು ವಾರ ಮರ್ಜ್ ವಿಂಡೋ (ಹೊಸ ಕೋಡ್ ಸೇರಿಸಿಕೊಳ್ಳುವ ಅವಧಿ), ಆಗ ಮೇಂಟೇನರ್‌ಗಳಿಗೆ ಬಿಡುವಿರುವುದಿಲ್ಲ. ಬಳಿಕ ಆರ್‌ಸಿ ಎಂಬ ಪರೀಕ್ಷಾ ಆವೃತ್ತಿಗಳು, ಆರ್‌ಸಿ 1ರಿಂದ ವಾರಕ್ಕೊಂದರಂತೆ ಆರ್‌ಸಿ 7 ಅಥವಾ 8ರವರೆಗೆ. ಒಟ್ಟು 9-10 ವಾರಕ್ಕೆ ಒಂದು ಆವೃತ್ತಿ. ಕನಿಷ್ಠ ಒಂದು ವಾರ ಬಿಟ್ಟು, ಮರ್ಜ್ ವಿಂಡೋ ಅಲ್ಲದಾಗ, ಅದೇ ಮೇಲ್‌ಗೆ ಒಂದು ಸಾಲಿನ ನೆನಪೋಲೆ ಕಳಿಸಿ. ಒಪ್ಪಿಗೆಯಾದರೂ ಅಧಿಕೃತ ಆವೃತ್ತಿಯಲ್ಲಿ ಕಾಣಲು ತಿಂಗಳುಗಳು ಹಿಡಿಯಬಹುದು.

ಉತ್ತರ ಬಂದು ‘ಇದು ಸರಿಯಿಲ್ಲ’ ಎಂದಷ್ಟೇ ಇದ್ದರೆ ಸಿಟ್ಟಾಗಬೇಡಿ, ಅಲ್ಲಿ ಮಾತು ಮೊಟಕು. ಅವರ ಪ್ರತಿ ಪ್ರಶ್ನೆಯ ಕೆಳಗೇ ನಿಮ್ಮ ಉತ್ತರ ಬರೆಯಿರಿ, ಮೇಲುಗಡೆ ರಾಶಿ ಹಾಕಬೇಡಿ. ಒಪ್ಪದಿದ್ದರೆ ಕಾರಣ ಕೊಟ್ಟು ವಾದಿಸಬಹುದು. ತಿದ್ದಿದ್ದನ್ನು ‘ಹೈಫನ್ ವಿ2’ ಕೊಟ್ಟು ಕಳಿಸಿ, ಏನು ಬದಲಾಯಿತೆಂದು ಮೂರು ಅಡ್ಡಗೆರೆಯ ಕೆಳಗೆ ಬರೆಯಿರಿ. ಆ ಭಾಗ ಗಿಟ್ ಇತಿಹಾಸಕ್ಕೆ ಸೇರುವುದಿಲ್ಲ. ಅದೇ ದಿನ ವಿ2, ವಿ3, ವಿ4 ಸುರಿದರೆ ಯಾರೂ ಓದುವುದಿಲ್ಲ, ಒಂದು ದಿನವಾದರೂ ತಡೆಯಿರಿ.

ಪ್ರಶ್ನೆ: ಎಐ ಬರೆದುಕೊಟ್ಟ ಪ್ಯಾಚ್ ಕಳಿಸಬಹುದೇ?
— ಹುಮನಾಬಾದ್

ಉತ್ತರ: ಸಹಾಯ ಪಡೆದಿದ್ದರೆ ಅದನ್ನು ತಿಳಿಸಬೇಕು; ‘ಅಸಿಸ್ಟೆಡ್-ಬೈ’ ಎಂಬ ಸಾಲು ಇದಕ್ಕೇ ಇದೆ. ಸಹಿ ಮಾತ್ರ ಮನುಷ್ಯರದೇ, ಹೊಣೆಯೂ ಅವರದೇ. ಮೇಂಟೇನರ್ ‘ಈ ಲಾಕ್ ಇಲ್ಲಿ ಯಾಕೆ ಬೇಕು’ ಎಂದು ಕೇಳಿದಾಗ ನಿಮ್ಮ ಮಾತಿನಲ್ಲಿ ಹೇಳಲು ಬಾರದಿದ್ದರೆ ಕಳಿಸಬೇಡಿ. 2021ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಸಂಶೋಧಕರು ಬೇಕೆಂದೇ ದೋಷವಿಟ್ಟು ಪ್ಯಾಚ್ ಕಳಿಸಿದ್ದು ಬಯಲಾಗಿ, ಆ ವಿಶ್ವವಿದ್ಯಾಲಯದ ಹಳೆಯ ಪ್ಯಾಚ್‌ಗಳನ್ನೆಲ್ಲ ಮತ್ತೆ ಪರಿಶೀಲಿಸಬೇಕಾಯಿತು. ಪರೀಕ್ಷಿಸದ ಪ್ಯಾಚ್‌ಗಳು ಕಂತೆಗಟ್ಟಲೆ ಬಂದಾಗ ಮೇಂಟೇನರ್‌ಗಳು ಅನುಮಾನಿಸುವುದಕ್ಕೆ ಕಾರಣವಿದೆ.

ಪ್ರಶ್ನೆ: ಕೋಡ್ ಬರೆಯುವಷ್ಟು ಬರುವುದಿಲ್ಲ. ಹೊಸ ಕರ್ನಲ್ ಹಾಕಿದ ಮೇಲೆ ವೈಫೈ ನಿಂತಿದೆ, ಹಳೆಯದರಲ್ಲಿ ಸರಿ ಇತ್ತು. ನನ್ನಿಂದ ಏನಾದರೂ ಉಪಯೋಗ ಇದೆಯೇ?
— ಚಿಂಚೋಳಿ

ಉತ್ತರ: ಬಹಳ ಇದೆ. ನಿನ್ನೆ ನಡೆಯುತ್ತಿದ್ದದ್ದು ಇವತ್ತು ನಿಲ್ಲಬಾರದು ಎನ್ನುವುದು ಕರ್ನಲ್‌ನ ಕಟ್ಟುನಿಟ್ಟಿನ ನಿಯಮ, ಇಂಥ ವರದಿಗೆ ಬೇಗ ಕಿವಿಗೊಡುತ್ತಾರೆ. ಮೊದಲು ಉಬುಂಟುವಿನದಲ್ಲದ ಮೂಲ ಕರ್ನಲ್‌ನಲ್ಲೂ ತೊಂದರೆ ಇದೆಯೇ ಖಚಿತಪಡಿಸಿಕೊಳ್ಳಿ. ಆಮೇಲೆ ತೊಂದರೆ ತಂದ ಕಮಿಟ್ ಹುಡುಕಲು ‘ಗಿಟ್ ಬೈಸೆಕ್ಟ್ ಸ್ಟಾರ್ಟ್’, ಕೆಟ್ಟ ಆವೃತ್ತಿಗೆ ‘ಬ್ಯಾಡ್’, ಒಳ್ಳೆಯದಕ್ಕೆ ‘ಗುಡ್’. ಗಿಟ್ ನಟ್ಟನಡುವಿನ ಕಮಿಟ್ ತೆಗೆದುಕೊಡುತ್ತದೆ. ಬಿಲ್ಡ್ ಮಾಡಿ, ಬೂಟ್ ಮಾಡಿ, ವೈಫೈ ನೋಡಿ, ಗುಡ್ ಅಥವಾ ಬ್ಯಾಡ್ ಎನ್ನಿ. ಅಕ್ಕಪಕ್ಕದ ಎರಡು ಆವೃತ್ತಿಗಳ ನಡುವೆ ಸುಮಾರು 14,000 ಕಮಿಟ್ ಇದ್ದರೂ ಪ್ರತಿ ಸಲ ಅರ್ಧ ಉಳಿಯುವುದರಿಂದ 14 ಬಿಲ್ಡ್‌ಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ಚಿಕ್ಕ ಕಾನ್ಫಿಗ್ ಇದ್ದರೆ ಎರಡು ದಿನದ ಕೆಲಸ. ಯಾವುದಾದರೂ ಕಮಿಟ್ ಬಿಲ್ಡೇ ಆಗದಿದ್ದರೆ ‘ಸ್ಕಿಪ್’ ಎನ್ನಿ, ಊಹೆಯ ಮೇಲೆ ಗುಡ್ ಎನ್ನಬೇಡಿ. ಒಂದು ತಪ್ಪು ಉತ್ತರ ಇಡೀ ಹುಡುಕಾಟವನ್ನು ಬೇರೆ ಕಡೆ ಒಯ್ಯುತ್ತದೆ. ಗುಡ್ ಎನ್ನುವ ಮೊದಲು ಎರಡು ಸಲ ಬೂಟ್ ಮಾಡಿ ನೋಡುವುದು ಕ್ಷೇಮ.

ಕೊನೆಗೆ ‘ಮೊದಲ ಕೆಟ್ಟ ಕಮಿಟ್’ ಎಂದು ಒಂದು ಐಡಿ ಸಿಗುತ್ತದೆ. ಆ ಒಂದನ್ನು ‘ಗಿಟ್ ರಿವರ್ಟ್’ ಮಾಡಿ ಬಿಲ್ಡ್ ಮಾಡಿದರೆ ವೈಫೈ ಮರಳುತ್ತದೆಯೇ ನೋಡಿ. ಆ ಐಡಿ, ರಿವರ್ಟ್‌ನ ಫಲಿತಾಂಶ, ‘ಎಲ್‌ಎಸ್‌ಪಿಸಿಐ ಹೈಫನ್ ಎನ್‌ಎನ್‌ಕೆ’ಯಲ್ಲಿ ನಿಮ್ಮ ಕಾರ್ಡ್‌ನ ಸಾಲು, ಎರಡೂ ಕರ್ನಲ್‌ಗಳ ಪೂರ್ತಿ ಡಿಮೆಸ್ಜ್ (ಕರ್ನಲ್ ಬರೆದಿಡುವ ಸಂದೇಶಗಳು), ಕಾನ್ಫಿಗ್ ಫೈಲ್ ಇವನ್ನು ಜೋಡಿಸಿ, ಆ ಕಮಿಟ್ ಬರೆದವರಿಗೆ, ಅದಕ್ಕೆ ಸಹಿ ಹಾಕಿದ ಮೇಂಟೇನರ್‌ಗೆ ಮತ್ತು ಇಂಥ ದೂರುಗಳಿಗೆಂದೇ ಇರುವ ರಿಗ್ರೆಶನ್ಸ್ ಮೇಲಿಂಗ್ ಲಿಸ್ಟ್‌ಗೆ ಕಳಿಸಿ. ಅವರು ಪ್ಯಾಚ್ ಕೊಟ್ಟು ‘ಇದನ್ನು ಹಾಕಿ ನೋಡಿ’ ಎನ್ನುತ್ತಾರೆ. ಬೈಸೆಕ್ಟ್ ಮಾಡಿದ ಫೋಲ್ಡರನ್ನು ಅಲ್ಲಿಯವರೆಗೆ ಅಳಿಸಬೇಡಿ.